ಕಾರ್ ಡಿಎಲ್ ಟೆಸ್ಟಲ್ಲಿ ಜನ ಎಲ್ಲಿ ಎಡವ್ತಾರೆ?

ಹೊಸಬ: ಮುಂದಿನ್ ವಾರ ಆರ್‌ಟಿಒ ಟೆಸ್ಟ್ ಇದೆ, ಸೆನ್ಸರ್ ಟ್ರ್ಯಾಕ್ ಅಂತೆ, ತಪ್ಪು ಮಾಡಿದ್ರೆ ಸೆನ್ಸರ್ರೇ ಹಿಡಿಯುತ್ತಂತೆ. ರೋಡಲ್ಲಿ ಆರಾಮಾಗೇ ಓಡಿಸ್ತೀನಿ ಆದ್ರೆ ಆ ಎಚ್ ರಿವರ್ಸ್ (H ಆಕಾರದ ಗೆರೆಗಳ ಮಧ್ಯೆ ರಿವರ್ಸ್ ಹೋಗೋದು) ನೆನೆಸ್ಕೊಂಡ್ರೆ ಕೈಕಾಲು ನಡುಗುತ್ತೆ. ಏನೇನ್ ನೋಡ್ಕೋಬೇಕು ಹೇಳಿ ಗುರು

ಸೆಕೆಂಡ್‌ಗೇರ್: ಅವಸರವೇ ಮೇನ್ ಪ್ರಾಬ್ಲಮ್. ರಿವರ್ಸಲ್ಲಿ ಆಕ್ಸಿಲರೇಟರ್ ಮುಟ್ಟಲೇಬೇಡಿ, ಸಮತಟ್ಟು ಜಾಗದಲ್ಲಿ ಹಾಫ್ ಕ್ಲಚ್ಚಲ್ಲೇ (ಕ್ಲಚ್ ಅರ್ಧ ಬಿಟ್ಟು) ಗಾಡಿ ತೆವಳುತ್ತೆ, ಮಿರರ್ ಒಂಚೂರು ಕೆಳಗೆ ಬಗ್ಗಿಸ್ಕೊಂಡು ಹಿಂದಿನ ಚಕ್ರಕ್ಕೂ ಗೆರೆಗೂ ಎಷ್ಟು ಗ್ಯಾಪ್ ಇದೆ ನೋಡ್ತಾ ನೋಡ್ತಾ ಸ್ಟೀರಿಂಗ್ ತಿರುಗಿಸಿ. ಕಿಟಕಿಯಿಂದ ತಲೆ ಹೊರಗೆ ಹಾಕೋಕೆ ಹೋದ್ರೆ ಸ್ಟೀರಿಂಗೂ ಆ ಕಡೆನೇ ಎಳೀತೀರ

ಮಲ್ನಾಡ್ ಹೈದ: ಎಚ್ ಬಿಡಿ, ಏರಲ್ಲಿ ನಿಲ್ಸಿ ಹೊರಡೋದು ಪ್ರಾಕ್ಟೀಸ್ ಮಾಡಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಕ್ಲಚ್ ಮೆಲ್ಲಗೆ ಬಿಡ್ತಾ ಬನ್ನಿ, ಬಾನೆಟ್ ಸ್ವಲ್ಪ ಮೇಲೇಳುತ್ತಲ್ಲ ಆವಾಗ ಆಕ್ಸಿಲರೇಟರ್ ಕೊಟ್ಟು ಹ್ಯಾಂಡ್‌ಬ್ರೇಕ್ ಇಳಿಸಿ, ಗಾಡಿ ಹಿಂದೆ ಜಾರಲ್ಲ

ಹೊಸಬ: ಥ್ಯಾಂಕ್ಸ್ ಇಬ್ರಿಗೂ. ಫೇಲಾದ್ರೆ ಮತ್ತೆ ಎಲ್‌ಎಲ್‌ಆರ್ (ಕಲಿಯೋರ ಲೈಸೆನ್ಸ್) ಮಾಡಿಸ್ಬೇಕಾ?

ಮಂಡ್ಯದ್ ಅಕ್ಕ: ಇಲ್ಲ ಕಣಪ್ಪ, 7 ದಿನ ಬಿಟ್ಟು ಮತ್ತೆ ಟೆಸ್ಟ್ ಕೊಡಬಹುದು, ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತೆ. ಮೊದ್ಲು ಅದು ಆಗಿ 30 ದಿನ ಕಳೆದಿದ್ಯಾ ನೋಡ್ಕೊ. ಆಮೇಲೆ ಹತ್ತಿದ ತಕ್ಷಣ ಸೀಟ್ ಬೆಲ್ಟು, ತಿರುಗೋ ಮುಂಚೆನೇ ಇಂಡಿಕೇಟರ್ರು, ಓಡ್ಸೋಕೆ ಚೆನ್ನಾಗ್ ಬರೋರೇ ಇವೆರಡನ್ನ ಮರ್ತಿರ್ತಾರೆ