ಕರ್ನಲ್ ಅಪ್‌ಡೇಟ್ ಆದ್ಮೇಲೆ ಬ್ಯಾಟರಿ ನಿಲ್ತಿಲ್ಲ, ನಿಮಗೂ ಹೀಗಾಗಿತ್ತಾ?

ಮೂರು ವರ್ಷದ ಲ್ಯಾಪ್‌ಟಾಪ್, ಲಿನಕ್ಸ್ ಹಾಕಿದ್ದೀನಿ. ಹೋದ ವಾರ ಅಪ್‌ಡೇಟ್ ಕೊಟ್ಟೆ, ಅದರ ಜೊತೆ ಕರ್ನಲ್ಲೂ (ಹಾರ್ಡ್‌ವೇರ್ ನಡೆಸೋ ಲಿನಕ್ಸ್‌ನ ತಿರುಳು) ಹೊಸದಾಯ್ತು. ಮೊದಲು ಬೆಳಿಗ್ಗೆ ಚಾರ್ಜರ್ ತೆಗೆದರೆ ಮಧ್ಯಾಹ್ನದ ಊಟ ದಾಟೋವರೆಗೂ ಚಿಂತೆ ಇರಲಿಲ್ಲ. ಈಗ ಹನ್ನೆರಡಕ್ಕೇ ಕೆಂಪು. ಸುಮ್ಮನೆ ತೆರೆದಿಟ್ಟರೂ ತಳ ಬೆಚ್ಚಗಾಗುತ್ತೆ. ಹೊಸ ಬ್ಯಾಟರಿ ಆರ್ಡರ್ ಹಾಕಿಯೂ ಆಯ್ತು. ಅದೇ ಸರಿನಾ, ಇಲ್ಲ ಹಳೇ ಕರ್ನಲ್‌ಗೆ ಹೋಗಬೇಕಾ? ಅನುಭವ ಇದ್ದವರು ಹೇಳಿ.

ಉತ್ತರ 1

ದುಡ್ಡು ಖರ್ಚು ಮಾಡೋ ಮೊದಲು ಅಳತೆ ಮಾಡಿ. "ಬೇಗ ಖಾಲಿಯಾಗುತ್ತೆ" ಅನ್ನೋದು ಅಳತೆ ಅಲ್ಲ, ವ್ಯಾಟ್ ಬೇಕು. ಬೂಟ್ ಆಗುವಾಗ ಮೊದಲು ಬರೋ ಗ್ರಬ್ ಮೆನುವಿನಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್ ಇದೆಯಲ್ಲ, ಅದರೊಳಗೆ ಹಿಂದಿನ ಕರ್ನಲ್ ಸಾಮಾನ್ಯವಾಗಿ ಉಳಿದಿರುತ್ತೆ. ಅದರಲ್ಲಿ ಬೂಟ್ ಮಾಡಿ, ಚಾರ್ಜರ್ ಕಿತ್ತು, ಹತ್ತು ನಿಮಿಷ ಬಿಟ್ಟು ಪವರ್‌ಟಾಪ್‌ನಲ್ಲಿ (ಯಾವುದು ಎಷ್ಟು ಕರೆಂಟ್ ತಿನ್ನುತ್ತೆ ಅಂತ ತೋರಿಸೋ ಟೂಲ್) ಡಿಸ್ಚಾರ್ಜ್ ರೇಟ್ ನೋಡಿ. ಆಮೇಲೆ ಹೊಸ ಕರ್ನಲ್‌ನಲ್ಲೂ ಅದೇ ಬ್ರೈಟ್‌ನೆಸ್, ಅದೇ ವೈಫೈ ಇಟ್ಟು ನೋಡಿ.

ನನ್ನದು ಹಳೇದರಲ್ಲಿ 6 ವ್ಯಾಟ್, ಹೊಸದರಲ್ಲಿ 9.5. ಬ್ಯಾಟರಿ 45 ವ್ಯಾಟ್-ಅವರ್‌ದು, ಅಂದರೆ ಏಳೂವರೆ ಗಂಟೆ ಬರೋದು ಐದು ಗಂಟೆಯೂ ಬರ್ತಿರಲಿಲ್ಲ. ಆದರೆ ಕರ್ನಲ್‌ದು ನೇರ ತಪ್ಪಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎರಡನೇ ಗ್ರಾಫಿಕ್ಸ್ ಕಾರ್ಡ್ ಇದೆ. ಅದರ ಡ್ರೈವರ್, ಅಂದರೆ ಅದನ್ನು ನಡೆಸೋ ಸಾಫ್ಟ್‌ವೇರ್, ಕರ್ನಲ್ ಬದಲಾದಾಗಲೆಲ್ಲ ಹೊಸದಾಗಿ ಕಂಪೈಲ್ ಆಗಬೇಕು. ಅದಕ್ಕೆ ಬೇಕಾದ ಕರ್ನಲ್ ಹೆಡರ್ಸ್ ಪ್ಯಾಕೇಜ್ ಇಲ್ಲದ್ದಕ್ಕೆ, ಆ ಕಂಪೈಲ್ ಕೆಲಸ ಮಾಡೋ ಡಿಕೆಎಂಎಸ್ ಸದ್ದಿಲ್ಲದೆ ಕೈಬಿಟ್ಟಿತ್ತು. ಡ್ರೈವರ್ ಇಲ್ಲದ ಕಾರ್ಡನ್ನು ಮಲಗಿಸೋರು ಯಾರು? ಕೆಲಸ ಇಲ್ಲದಿದ್ದರೂ ಇಡೀ ದಿನ ಕರೆಂಟ್ ತಿನ್ನುತ್ತಾ ಕೂತಿತ್ತು. ಹೆಡರ್ಸ್ ಹಾಕಿ ಮತ್ತೆ ಬಿಲ್ಡ್ ಮಾಡಿದ್ಮೇಲೆ ಫ್ಯಾನ್ ಸದ್ದೇ ನಿಂತುಹೋಯ್ತು.

ಉತ್ತರ 2

ಕರ್ನಲ್‌ದೇ ತಪ್ಪಾಗಿದ್ದ ಕಾಲವೂ ಇತ್ತು ಮಾರಾಯ್ರೆ. 2011ರ ಮಾರ್ಚಲ್ಲಿ ಕರ್ನಲ್ 2.6.38 ಬಂತು, ನಮ್ಮ ಹಾಸ್ಟೆಲಿನಲ್ಲಿ ಲಿನಕ್ಸ್ ಹಾಕಿದ್ದವರೆಲ್ಲ ಪ್ಲಗ್ ಪಾಯಿಂಟ್ ಪಕ್ಕದ ಮಂಚಕ್ಕೆ ಜಗಳ ಆಡುವ ಹಾಗಾಯ್ತು. ಲಿನಕ್ಸ್ ಸುದ್ದಿತಾಣ ಫೊರೊನಿಕ್ಸ್‌ನ ಮೈಕೆಲ್ ಲಾರಾಬೆಲ್ ಒಂದೊಂದೇ ಆವೃತ್ತಿ ಅಳೆದು ಕಾರಣದ ಜಾಡು ಹಿಡಿದರು: ಎಎಸ್‌ಪಿಎಂ.

ಒಳಗಿನ ಕಾರ್ಡುಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಲಿಂಕಿನಲ್ಲಿ ಡೇಟಾ ಓಡಾಟ ಇಲ್ಲದಿದ್ದಾಗ ಆ ಲಿಂಕನ್ನೇ ಮಲಗಿಸುವ ವ್ಯವಸ್ಥೆ ಅದು. ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್ (ಲಿನಕ್ಸಿಗಿಂತ ಮೊದಲು ಏಳುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) "ನನ್ನಲ್ಲಿ ಎಎಸ್‌ಪಿಎಂ ಇಲ್ಲ" ಅಂತ ಬರೆದಿಡುತ್ತಿತ್ತು, ಆದರೆ ಒಳಗೊಳಗೇ ಅದನ್ನು ಆನ್ ಮಾಡಿಯೂ ಇಡುತ್ತಿತ್ತು. ಹೊಸ ಕರ್ನಲ್ ಆ ಮಾತು ನಂಬಿ ಎಲ್ಲವನ್ನೂ ಆಫ್ ಮಾಡತೊಡಗಿತು. ವಿಂಡೋಸ್ ಅಂಥಲ್ಲಿ ಕೈಯೇ ಹಾಕುವುದಿಲ್ಲ, ಬಯಾಸ್ ಇಟ್ಟಂತೆ ಬಿಡುತ್ತದೆ. ಕರ್ನಲ್ ಡೆವಲಪರ್ ಮ್ಯಾಥ್ಯೂ ಗ್ಯಾರೆಟ್ ಅದೇ ನಡೆಯನ್ನು ಲಿನಕ್ಸಿಗೂ ತಂದ ಪ್ಯಾಚ್ 2012ರಲ್ಲಿ 3.3ರ ಜೊತೆ ಬಂತು. ನಡುವಿನ ತಿಂಗಳುಗಳಲ್ಲಿ ಎಎಸ್‌ಪಿಎಂ ಬಲವಂತವಾಗಿ ಆನ್ ಮಾಡುವ ಬೂಟ್ ಪ್ಯಾರಾಮೀಟರ್ (ಶುರುವಾಗುವಾಗ ಕರ್ನಲ್‌ಗೆ ಕೊಡುವ ಸೂಚನೆ) ಒಂದೇ ಗತಿ. ನನಗೆ ಒಂದು ಗಂಟೆ ಹೆಚ್ಚು ಬಂತು, ಪಕ್ಕದ ಕೋಣೆಯವನ ಲ್ಯಾಪ್‌ಟಾಪ್ ಹ್ಯಾಂಗ್ ಆಯ್ತು. ಅದಕ್ಕೇ ಹೇಳೋದು, ಎಲ್ಲೋ ಸಿಕ್ಕಿದ ಪ್ಯಾರಾಮೀಟರನ್ನು ಹಾಗೇ ಅಂಟಿಸಬೇಡಿ.

ಉತ್ತರ 3

ಬರೀ ನಷ್ಟದ ಕಥೆಯೇ ಆಯ್ತಲ್ಲ. ಇಂಟೆಲ್‌ನ ಹಳೇ ಹಾಸ್ವೆಲ್ ಪ್ರೊಸೆಸರ್ ಕಾಲದ ನನ್ನ ಲ್ಯಾಪ್‌ಟಾಪ್‌ಗೆ ಆಯುಸ್ಸು ಕೊಟ್ಟಿದ್ದೇ ಅಪ್‌ಡೇಟ್. 2018ರಲ್ಲಿ ಕರ್ನಲ್ 4.15 ಬಂದಾಗ ಸಾಟಾ ಡಿಸ್ಕಿನ ಲಿಂಕನ್ನು ಹುಷಾರಾಗಿ ಮಲಗಿಸುವ ಹೊಸ ವಿಧಾನ ಸೇರಿತು. ಡೆವಲಪರ್ ಹಾನ್ಸ್ ಡಿ ಗೂಡೆ ಮಾಡಿದ ಕೆಲಸ, ಫೆಡೋರಾ ಅನ್ನೋ ಲಿನಕ್ಸ್‌ನ 28ನೇ ಆವೃತ್ತಿಯಲ್ಲಿ ತಾನಾಗಿಯೇ ಆನ್ ಆಗಿತ್ತು. ಐಡಲ್‌ನಲ್ಲಿ ಒಂದು ವ್ಯಾಟ್‌ಗೂ ಹೆಚ್ಚು ಉಳಿತು.

ಎಎಂಡಿ ಪ್ರೊಸೆಸರ್ ಇದ್ದವರಿಗೆ ಒಂದು ಮಾತು. ಕರ್ನಲ್ 6.5ರಿಂದ ಅದರ ಹೊಸ ರೈಜನ್‌ಗಳಲ್ಲಿ, ಪ್ರೊಸೆಸರ್ ವೇಗ ಹೊಂದಿಸೋ ಎಎಂಡಿ ಪಿ-ಸ್ಟೇಟ್ ಡ್ರೈವರ್ ಆಕ್ಟಿವ್ ಮೋಡಿನಲ್ಲಿ ತಾನಾಗಿಯೇ ಬರುತ್ತೆ. ಅದರಲ್ಲಿ ಗವರ್ನರ್ (ವೇಗದ ನೀತಿ) ಎರಡೇ, ಪರ್ಫಾರ್ಮೆನ್ಸ್ ಮತ್ತು ಪವರ್‌ಸೇವ್. ನಾನು ಎಂದೋ ಬ್ಯಾಟರಿ ಉಳಿಸೋ ಟಿಎಲ್‌ಪಿ ಟೂಲಿನ ಫೈಲಲ್ಲಿ ಆನ್‌ಡಿಮಾಂಡ್ ಅನ್ನೋ ಬೇರೆ ಗವರ್ನರ್ ಹೆಸರು ಬರೆದು ಮರೆತಿದ್ದೆ. ಹೊಸ ಡ್ರೈವರ್‌ಗೆ ಆ ಹೆಸರೇ ಗೊತ್ತಿಲ್ಲ, ಪ್ರೊಸೆಸರ್ ಪರ್ಫಾರ್ಮೆನ್ಸ್‌ನಲ್ಲೇ ಓಡ್ತಿತ್ತು. ಪವರ್‌ಸೇವ್ ಅಂದರೆ ನಿಧಾನ ಅಂತ ಹೆದರಬೇಡಿ, ಈ ಡ್ರೈವರ್‌ನಲ್ಲಿ ಹಾಗಲ್ಲ.

ಉತ್ತರ 4

ಮುಚ್ಚಿಟ್ಟಾಗ ಎಷ್ಟ ಇಳೀತೈತಿ ಅದನ್ನೂ ನೋಡ್ರಿ. ನಾನು ರಾತ್ರಿ ಬ್ಯಾಗಿನ್ಯಾಗ ಇಟ್ಟಿದ್ದೆ, ಮುಂಜಾನೆ ತಗದು ನೋಡಿದ್ರ ಪೂರ್ತಿ ಖಾಲಿ, ಬ್ಯಾಗೂ ಬಿಸಿ. ಸಸ್ಪೆಂಡ್ ಡೀಪ್ (ಮೆಮೊರಿ ಬಿಟ್ಟು ಬಹುತೇಕ ಎಲ್ಲಾ ಆಫ್ ಆಗೂ ಗಾಢ ನಿದ್ದಿ) ಇರೂ ಬದಲಿ ಎಸ್2ಐಡಲ್ (ಹಗುರ ನಿದ್ದಿ) ಆಗಿತ್ತು. ಕೆಲವು ಹೊಸ ಲ್ಯಾಪ್‌ಟಾಪ್‌ನ್ಯಾಗ ಡೀಪ್ ಇರೂದೇ ಇಲ್ಲ ಬಿಡ್ರಿ, ಅಲ್ಲಿ ಹೈಬರ್ನೇಟ್ (ಎಲ್ಲಾ ಡಿಸ್ಕಿನ್ಯಾಗ ಉಳಿಸಿ ಪೂರ್ತಿ ಆಫ್) ಮಾಡೂದ ಛಲೋ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಅಳೆದೆ. ಹೊಸ ಕರ್ನಲ್ 9.2 ವ್ಯಾಟ್. ಹಳೇದು 9.1! ಹಾಗಾದ್ರೆ ಕರ್ನಲ್ ಅಲ್ಲ. ಎರಡನೇ ಗ್ರಾಫಿಕ್ಸ್ ಕಾರ್ಡೂ ಇಲ್ಲ. ಪವರ್‌ಟಾಪ್ ಪಟ್ಟಿಯ ಮೇಲ್ತುದಿಯಲ್ಲಿ ಫೈಲ್ ಇಂಡೆಕ್ಸರ್ (ಹುಡುಕೋಕೆ ಅಂತ ಫೈಲ್‌ಗಳನ್ನ ಓದಿ ಪಟ್ಟಿ ಮಾಡಿಡೋ ಪ್ರೋಗ್ರಾಂ) ಕೂತಿತ್ತು. ಅದೇ ಅಪ್‌ಡೇಟಲ್ಲಿ ಅದೂ ಹೊಸದಾಗಿ, ಎಲ್ಲ ಫೈಲ್ ಮೊದಲಿಂದ ಓದೋಕೆ ಶುರು ಮಾಡಿ, ಅರ್ಧಂಬರ್ಧ ಡೌನ್‌ಲೋಡ್ ಆಗಿದ್ದ ಪಹಣಿಯ ಪಿಡಿಎಫ್ ಒಂದರಲ್ಲಿ ಸಿಕ್ಕಿಹಾಕಿಕೊಂಡಿತ್ತು. ಆ ಪಿಡಿಎಫ್ ಡಿಲೀಟ್ ಮಾಡಿದೆ, ಹತ್ತು ನಿಮಿಷಕ್ಕೆ 5.8ಕ್ಕೆ ಇಳಿತು. ಬ್ಯಾಟರಿ ಆರ್ಡರ್ ಕ್ಯಾನ್ಸಲ್. ಪಹಣಿ ಮಾತ್ರ ಮತ್ತೆ ತೆಗೆಸಬೇಕು.