ನೀರು ಕಡಿಮೆಯಾದ ಸಾಲಿನ ಆಪೂಸು ಮೊದಲೇ ಮೆತ್ತಗಾಗುವುದೇಕೆ?

ಪ್ರಶ್ನೆ (ಹಾನಗಲ್ ತೋಟದವನು):
ಎಲ್ಲರಿಗೂ ನಮಸ್ಕಾರ. ಹಾನಗಲ್ ಸಮೀಪ ನಮ್ಮ ತಂದೆಯವರು ಬೆಳೆಸಿದ ಆಪೂಸು ಮಾವಿನ ತೋಟವಿದೆ. ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ಈ ವರ್ಷ ಬೋರ್‌ವೆಲ್ ಕೈಕೊಟ್ಟಿದ್ದರಿಂದ ಎರಡು ಸಾಲಿನ ಗಿಡಗಳಿಗೆ ನೀರು ಸಾಲಲಿಲ್ಲ. ಆ ಗಿಡಗಳ ಕಾಯಿಗಳನ್ನೂ ಉಳಿದವುಗಳನ್ನೂ ಒಂದೇ ದಿನ ಕಿತ್ತು ಭತ್ತದ ಹುಲ್ಲಿನಲ್ಲಿಟ್ಟರೆ, ನೀರು ಕಾಣದ ಕಾಯಿಗಳು ಎರಡು ಮೂರು ದಿನ ಮೊದಲೇ ಮೆತ್ತಗಾದವು. ಹಣ್ಣು ಮಾಗುವ ಪಾಠದಲ್ಲಿ ಓದಿದ, ಕೋಶದ ಗೋಡೆಯನ್ನು (ಕೋಶಭಿತ್ತಿಯನ್ನು) ಬದಲಿಸುವ ಎಕ್ಸ್‌ಪ್ಯಾನ್ಸಿನ್, ಪೆಕ್ಟಿನ್ ಮೀಥೈಲ್‌ಎಸ್ಟರೇಸ್ ಮೊದಲಾದ ಪ್ರೋಟೀನುಗಳ ಹೆಸರುಗಳೇ ಬರಗಾಲದ ಪಾಠದಲ್ಲಿಯೂ ಬರುತ್ತವೆ. ಹಾಗಾದರೆ ಎರಡೂ ಕಡೆ ಕೆಲಸ ಮಾಡುವುದು ಅವೇ ವಂಶವಾಹಿಗಳೇ? ನೀರಿನ ಕೊರತೆಯೇ ಅವುಗಳನ್ನು ಅವಧಿಗೆ ಮೊದಲು ಎಬ್ಬಿಸಿತೆಂದು ತಿಳಿಯಬಹುದೇ?

ಉತ್ತರ 1 (ಧಾರವಾಡದ ಅಧ್ಯಾಪಕ):
ಹೆಸರು ಒಂದೇ ಆದರೂ ಅದು ಒಂದು ವಂಶವಾಹಿಯ ಹೆಸರಲ್ಲ, ಒಂದು ಮನೆತನದ ಹೆಸರು. ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿಯೇ ಪೆಕ್ಟಿನ್ ಮೀಥೈಲ್‌ಎಸ್ಟರೇಸಿಗೆ ಸುಮಾರು 66, ಕೋಶಭಿತ್ತಿಯಲ್ಲಿರುವ ಕ್ಸೈಲೋಗ್ಲುಕನ್ ಎಂಬ ಸಕ್ಕರೆಯ ಸರಪಳಿಯನ್ನು ಕತ್ತರಿಸಿ ಮತ್ತೆ ಜೋಡಿಸುವ ಕಿಣ್ವಗಳಿಗೆ 33 ವಂಶವಾಹಿಗಳಿವೆ. ಪ್ರತಿಯೊಂದಕ್ಕೂ ತನ್ನದೇ ಸಂಕೇತಗಳಿವೆ: ಕೆಲವು ಬೇರಿನ ತುದಿಯಲ್ಲಿ ಮಾತ್ರ ಎಚ್ಚರಗೊಳ್ಳುತ್ತವೆ, ಕೆಲವು ಹಣ್ಣಿನ ತಿರುಳಿನಲ್ಲಿ, ಟಿಸಿಎಚ್4 ಎಂಬುದು ಗಾಳಿ ಬೀಸಿದರೂ ಕೈ ತಾಗಿದರೂ ಚಳಿ ಅಥವಾ ಸೆಕೆ ಹೆಚ್ಚಾದರೂ ಚುರುಕಾಗುತ್ತದೆ.

ಉದ್ದೇಶವೂ ಬೇರೆ. ಮಣ್ಣು ಒಣಗಿದಾಗ ಮೆಕ್ಕೆಜೋಳದ ಬೇರಿನ ತುದಿಯಲ್ಲಿ ಎಕ್ಸ್‌ಪ್ಯಾನ್ಸಿನ್ ಹೆಚ್ಚುವುದರಿಂದ ಕೋಶಭಿತ್ತಿ ಹಿಗ್ಗಿ, ಎಲೆಯ ಬೆಳವಣಿಗೆ ನಿಂತರೂ ಬೇರು ನೀರನ್ನು ಹುಡುಕಿಕೊಂಡು ಇಳಿಯುತ್ತಲೇ ಇರುತ್ತದೆ. ಅಲ್ಲಿ ಭಿತ್ತಿ ಸಡಿಲಗೊಳ್ಳುವುದು ಬೆಳೆಯುವುದಕ್ಕಾಗಿ. ಮಾಗುವ ಹಣ್ಣಿನಲ್ಲಿಯಾದರೋ ಕೋಶಕ್ಕೂ ಕೋಶಕ್ಕೂ ನಡುವೆ ಅಂಟಿನಂತಿರುವ ಪೆಕ್ಟಿನ್ ಕರಗುತ್ತ ಹೋಗುತ್ತದೆ.

ಮೀಥೈಲ್‌ಎಸ್ಟರೇಸ್ ವಿಷಯದಲ್ಲಿ ನನ್ನ ವಿದ್ಯಾರ್ಥಿಗಳು ಪ್ರತಿವರ್ಷ ಎಡವುತ್ತಾರೆ. ಆ ಕಿಣ್ವ ಪೆಕ್ಟಿನ್ನಿನ ಮೀಥೈಲ್ ಗುಂಪುಗಳನ್ನು ಕಿತ್ತ ಮೇಲೆ ಆ ಜಾಗಕ್ಕೆ ಕ್ಯಾಲ್ಸಿಯಂ ಬಂದು ಎರಡು ಸರಪಳಿಗಳನ್ನು ಬೆಸೆದರೆ ಭಿತ್ತಿ ಬಿಗಿಯಾಗುತ್ತದೆ. ಕ್ಯಾಲ್ಸಿಯಂ ಸಿಗದೆ ಪೆಕ್ಟಿನ್ನನ್ನು ಕತ್ತರಿಸುವ ಪಾಲಿಗ್ಯಾಲಕ್ಟುರೋನೇಸ್ ಎಂಬ ಕಿಣ್ವ ಮೊದಲು ಬಂದರೆ ಅದೇ ಸರಪಳಿ ತುಂಡಾಗುತ್ತದೆ. ಆದ್ದರಿಂದ ಆ ಒಂದು ವಂಶವಾಹಿ ಏರಿದ್ದನ್ನು ಕಂಡು ಹಣ್ಣು ಮೆತ್ತಗಾಯಿತೆಂದು ಬರೆದರೆ ನಾನು ಅಂಕ ಕೊಡುವುದಿಲ್ಲ.

ಉತ್ತರ 2 (ಬ್ಯಾಡಗಿಯವನು):
ಅಷ್ಟೆಲ್ಲ ಬೇಕೇ, ಸರ್? ಪಾಲಿಗ್ಯಾಲಕ್ಟುರೋನೇಸನ್ನು ಅಡಗಿಸಿದ ಟೊಮೆಟೊ ಅಮೆರಿಕದಲ್ಲಿ 1994ರಲ್ಲಿಯೇ ಮಾರಾಟಕ್ಕೆ ಬಂದಿತ್ತೆಂದು ಓದಿದ್ದೇನೆ. ಮುಖ್ಯ ಆರೋಪಿ ಅದೇ ಅಲ್ಲವೇ?

ಉತ್ತರ 3 (ಧಾರವಾಡದ ಅಧ್ಯಾಪಕ):
ಬಂದಿತ್ತು ನಿಜ, ಆದರೆ ಆ ಕಿಣ್ವವನ್ನು ಬಹುಪಾಲು ಅಡಗಿಸಿದರೂ ಹಣ್ಣು ಮೆತ್ತಗಾಗುವುದು ನಿರೀಕ್ಷಿಸಿದಷ್ಟು ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಆ ತಳಿ ಮಾರುಕಟ್ಟೆಯಿಂದಲೂ ಮರೆಯಾಯಿತು. ಮುಂದೆ 2016ರಲ್ಲಿ ಪೆಕ್ಟೇಟ್ ಲಯೇಸ್ ಎಂಬ ಬೇರೊಂದು ಕಿಣ್ವದ ವಂಶವಾಹಿಯನ್ನು ಅಡಗಿಸಿದಾಗ ಟೊಮೆಟೊ ಗಮನಾರ್ಹವಾಗಿ ಗಟ್ಟಿಯಾಗಿ ಉಳಿಯಿತು. ಆರೋಪಿ ಒಬ್ಬನಲ್ಲ.

ಅಂದ ಹಾಗೆ, ನಿಮ್ಮೂರಿನ ಮೆಣಸಿನಕಾಯಿಗೆ ಮಾವಿನ ಲೆಕ್ಕ ಹೊಂದುವುದಿಲ್ಲ. ಮಾವಿನಲ್ಲಿ ಹಣ್ಣು ಮಾಗಿಸುವ ಅನಿಲವಾದ ಎಥಿಲೀನ್ ಒಮ್ಮೆಲೇ ಏರಿ ಮಾಗುವಿಕೆಯನ್ನು ಮುಂದಕ್ಕೆ ಒಯ್ಯುತ್ತದೆ. ಮೆಣಸಿನಕಾಯಿ ಅಂಥ ಏರಿಕೆಯಿಲ್ಲದೆಯೇ ಗಿಡದಲ್ಲಿ ಕೆಂಪಾಗುತ್ತದೆ.

ಉತ್ತರ 4 (ತೋಟಗಾರಿಕೆ ಓದಿದವಳು, ಹಾವೇರಿ):
ಪ್ರಶ್ನೆ ಕೇಳಿದವರು ನೀರಿನ ಕೊರತೆ, ಸೆಕೆ ಎಲ್ಲವನ್ನೂ ‘ಒತ್ತಡ’ ಎಂಬ ಒಂದೇ ಮಾತಿನಲ್ಲಿ ಸೇರಿಸದೆ ಒಡೆದು ನೋಡುವುದು ಒಳ್ಳೆಯದು. ನೀರು ಕಳೆದುಕೊಂಡ ಹಣ್ಣಿನಲ್ಲಿ ಎಥಿಲೀನ್ ಬೇಗ ಹುಟ್ಟಬಹುದು; ಬೆಣ್ಣೆಹಣ್ಣು ಕಿತ್ತ ಮೇಲೆ ಹೆಚ್ಚು ಒಣಗಿದಷ್ಟೂ ಬೇಗ ಮಾಗುವುದು ಇದಕ್ಕೆ ನಿದರ್ಶನ. ಸೆಕೆಯ ಪರಿಣಾಮ ಇದಕ್ಕೆ ವಿರುದ್ಧ: ಟೊಮೆಟೊವನ್ನು 35 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿಟ್ಟರೆ ಎಥಿಲೀನೂ ಪಾಲಿಗ್ಯಾಲಕ್ಟುರೋನೇಸಿನ ವಂಶವಾಹಿಯೂ ಕುಗ್ಗುತ್ತವೆ, ಮತ್ತೆ ತಂಪಿಗೆ ತಂದರೆ ಚೇತರಿಸಿಕೊಳ್ಳುತ್ತವೆ. ಬಿಸಿಲನ್ನೂ ನೀರಿನ ಕೊರತೆಯನ್ನೂ ಒಂದೇ ಲೆಕ್ಕಕ್ಕೆ ಹಾಕಬೇಡಿ.

ಅದಕ್ಕೂ ಮೊದಲು ನನಗಿರುವ ಅನುಮಾನ ಬಲಿತದ್ದರ ಬಗ್ಗೆ. ಒಂದೇ ದಿನ ಕಿತ್ತಿರೆಂದ ಮಾತ್ರಕ್ಕೆ ಎರಡೂ ಸಾಲಿನ ಕಾಯಿಗಳು ಒಂದೇ ಮಟ್ಟಕ್ಕೆ ಬಲಿತಿದ್ದವೆಂದು ಹೇಳಲಾಗದು. ಬಕೆಟ್ಟಿನ ನೀರಿನಲ್ಲಿ ಬಿಟ್ಟು ನೋಡಿ. ಬಲಿತ ಕಾಯಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ನೀರು ಕಾಣದ ಸಾಲಿನವು ಮುಳುಗಿ ಉಳಿದವು ತೇಲಿದರೆ, ನಿಮ್ಮ ಎರಡು ಮೂರು ದಿನಗಳ ವ್ಯತ್ಯಾಸಕ್ಕೆ ಕೋಶಭಿತ್ತಿಯವರೆಗೆ ಹೋಗಬೇಕಾದ ಅಗತ್ಯವೇ ಬರಲಿಕ್ಕಿಲ್ಲ.

ಪ್ರಶ್ನೆ ಕೇಳಿದವನು:
ಬಕೆಟ್ಟಿನ ಪರೀಕ್ಷೆ ನನಗೆ ಹೊಳೆದೇ ಇರಲಿಲ್ಲ, ಮೇಡಂ. ಮುಂದಿನ ಹಂಗಾಮಿನಲ್ಲಿ ಮುಳುಗಿದ ಕಾಯಿಗಳನ್ನಷ್ಟೇ ಆರಿಸಿಕೊಂಡು, ವಂಶವಾಹಿಗಳು ಎಷ್ಟು ಚುರುಕಾಗಿವೆಯೆಂದು ತಿಳಿಯಲು ಅವುಗಳ ಆರ್‌ಎನ್‌ಎ ಅಳೆಯಬೇಕೆಂದಿದ್ದೇನೆ. ಇನ್ನೇನು ಎಚ್ಚರ ಬೇಕು?

ಉತ್ತರ 5 (ಧಾರವಾಡದ ಅಧ್ಯಾಪಕ):
ಮಾದರಿಗಳನ್ನು ದಿನದ ಲೆಕ್ಕದಲ್ಲಿ ಮಾತ್ರ ಹೋಲಿಸದೆ, ತಿರುಳು ಒಂದೇ ಮಟ್ಟಕ್ಕೆ ಮೆತ್ತಗಾದ ಹಣ್ಣುಗಳನ್ನೂ ಹೋಲಿಸಿ. ಇಲ್ಲದಿದ್ದರೆ ಬೇಗ ಮಾಗಿದ ಹಣ್ಣಿನಲ್ಲಿ ಮಾಗುವ ವಂಶವಾಹಿಗಳೆಲ್ಲ ಹೆಚ್ಚಾಗಿಯೇ ಕಾಣುತ್ತವೆ, ಕಾರಣ ಮಾತ್ರ ತಿಳಿಯುವುದಿಲ್ಲ. ಹೋಲಿಕೆಗೆ ಅಳತೆಗೋಲಾಗಿ ಬಳಸುವ ಆಕ್ಟಿನ್ ವಂಶವಾಹಿ ಒಂದನ್ನೇ ನಂಬಬೇಡಿ, ಅದು ಸ್ಥಿರವಾಗಿದೆಯೇ ಎಂದು ಮೊದಲು ಪರೀಕ್ಷಿಸಿ. ಮಾವಿನ ತಿರುಳಿನಲ್ಲಿ ಪೆಕ್ಟಿನ್, ಪಾಲಿಫಿನಾಲ್ ಹೆಚ್ಚಿರುವುದರಿಂದ ಆರ್‌ಎನ್‌ಎ ಬೇರ್ಪಡಿಸಲು ಸಾಮಾನ್ಯ ಕಿಟ್‌ಗಿಂತ ಸಿಟಿಎಬಿ ಎಂಬ ಮಾರ್ಜಕವನ್ನು ಬಳಸುವ ವಿಧಾನ ವಾಸಿ. ಆಪೂಸನ್ನು ಕೊಯ್ದಾಗ ಒಳಗೆ ಬಿಳಿಚಿಕೊಂಡು ಸ್ಪಂಜಿನಂತಾದ ಹುಳಿ ತಿರುಳು ಕಂಡರೆ ಆ ಹಣ್ಣನ್ನು ಬಿಟ್ಟುಬಿಡಿ. ಅದು ಮಾಗಿದ್ದಲ್ಲ, ಬೇರೆಯದೇ ದೋಷ.