31 ಕಿಲೋ ಆಮೆ, ಡೆನ್ವರ್ ಚಳಿ. ಗ್ಯಾರೇಜ್ ಸಾಕಾಗುತ್ತಾ?

ಮಂಡ್ಯದೋನು_ಡೆನ್ವರ್:

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾಯಿ ಬೆಕ್ಕಿನ ಪ್ರಶ್ನೆಗಳೇ ಜಾಸ್ತಿ. ನನ್ನದು ಆಮೆ. ನಗಬೇಡಿ.

ಮೇ ತಿಂಗಳಲ್ಲಿ ಪಕ್ಕದ ಮನೆಯವರು ಊರು ಬಿಟ್ಟು ಹೋಗುವಾಗ ತಮ್ಮ ಸುಲ್ಕಾಟಾ ಆಮೆಯನ್ನು ನಮಗೆ ಕೊಟ್ಟು ಹೋದರು. ಗಂಡು, ಹನ್ನೊಂದು ವರ್ಷ. ಹೋದ ವಾರ ಅವನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತೆ, ಆಮೇಲೆ ನನ್ನ ತೂಕ ಕಳೆದೆ, 31 ಕಿಲೋ. ಸೊಂಟ ಇನ್ನೂ ನೋಯ್ತಿದೆ. ಮಗಳು ಗುಂಡಪ್ಪ ಅಂತ ಹೆಸರಿಟ್ಟಿದ್ದಾಳೆ. ಬೇಸಿಗೆ ಪೂರ್ತಿ ಹಿತ್ತಲಲ್ಲಿ ಹುಲ್ಲು ಮೇಯ್ದುಕೊಂಡು ಆರಾಮಾಗಿದ್ದ. ಬೇಲಿಯ ಎರಡು ಹಲಗೆ ಕಿತ್ತು ಹಾಕಿದ, ಅಷ್ಟೇ.

ಈಗ ನವೆಂಬರ್. ಹಿಂದಿನವರು ಚಳಿಗಾಲದಲ್ಲಿ ಬೇಸ್‌ಮೆಂಟಿನಲ್ಲಿ ಇಡುತ್ತಿದ್ದರಂತೆ, ನಮ್ಮ ಮನೆಗೆ ಬೇಸ್‌ಮೆಂಟ್ ಇಲ್ಲ. ಅದಕ್ಕೇ ಗ್ಯಾರೇಜಿನ ಒಂದು ಮೂಲೆಯಲ್ಲಿ ರಟ್ಟು ಹಾಕಿ, ಮೇಲೆ ಒಣಹುಲ್ಲು ಹಾಸಿ, ಅಂಗಡಿಯವರು ಹೇಳಿದ ಕೆಂಪು ಬಲ್ಬ್ ತೂಗುಹಾಕಿದ್ದೇನೆ. ಆಫೀಸಿನಲ್ಲಿ ಒಬ್ಬರು "ಅದು ಚಳಿಗೆ ಮಲಗಿಬಿಡುತ್ತೆ, ಮಾರ್ಚ್‌ಗೆ ತಾನೇ ಏಳುತ್ತೆ, ತಲೆ ಕೆಡಿಸ್ಕೋಬೇಡ" ಅಂದರು. ನಾನೂ ನಂಬಿದೆ.

ಮೊನ್ನೆ ರಾತ್ರಿ ಹೊರಗೆ ಮೈನಸ್ 9 ಇತ್ತು. ಬೆಳಿಗ್ಗೆ ನೋಡಿದರೆ ಗ್ಯಾರೇಜಿನಲ್ಲಿ 6 ಡಿಗ್ರಿ. ಗುಂಡಪ್ಪ ತಲೆ ಒಳಗೆಳೆದುಕೊಂಡು ಕಲ್ಲಿನ ಥರ ಕೂತಿದ್ದ. ಮುಂಗಾಲು ಮುಟ್ಟಿದರೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಬದನೆಕಾಯಿ ಮುಟ್ಟಿದ ಹಾಗಿತ್ತು. ಎಡ ಹೊಳ್ಳೆಯಲ್ಲಿ ಒಂದು ಸಣ್ಣ ಗುಳ್ಳೆ, ಉಸಿರು ಬಿಟ್ಟಾಗ ಉಬ್ಬುತ್ತೆ, ಎಳೆದಾಗ ಇಳಿಯುತ್ತೆ. ಹೊತ್ತುಕೊಂಡು ಬಂದು ಹಾಲ್‌ನಲ್ಲಿ ಬಿಟ್ಟಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಎದ್ದು ಸೋಫಾ ತಳ್ಳಿದ, ಆದರೆ ಏನೂ ತಿನ್ನುತ್ತಿಲ್ಲ.

ಅಮ್ಮ ಊರಿಂದ ಆರು ತಿಂಗಳಿಗೆ ಬಂದಿದ್ದಾರೆ. ಅವರದು ಎರಡು ಮಾತು: ಮನೆಗೆ ಬಂದ ಕೂರ್ಮಾವತಾರ, ಯಾರಿಗೂ ಕೊಡಬೇಡ. ಅಡುಗೆಮನೆಗೆ ಮಾತ್ರ ಬಿಡಬೇಡ.

ಇದು ನಿಜವಾಗಲೂ ಮಲಗುವ ಜಾತಿಯಾ? ಗ್ಯಾರೇಜ್ ಪೂರ್ತಿ ಬಿಸಿ ಮಾಡಬೇಕಾ? ಕರೆಂಟ್ ಬಿಲ್ ನೆನೆಸಿಕೊಂಡರೆ ನನಗೇ ಚಳಿಜ್ವರ ಬರುತ್ತೆ.

ಕಾಡುಮಲ್ಲಿಗೆ:

ಮೊದಲು ಒಂದು ಮಾತು. ಸುಲ್ಕಾಟಾ ಮಲಗುವ ಜಾತಿ ಅಲ್ಲ. ಅಲ್ಲವೇ ಅಲ್ಲ. ನಿಮ್ಮ ಆಫೀಸಿನವರು ಹೇಳಿದ್ದು ರಷ್ಯನ್ ಆಮೆಗೋ, ಅರಿಜೋನಾ ಕಡೆಯ ಮರುಭೂಮಿ ಆಮೆಗೋ ಸರಿ. ಅವು ಚಳಿಗಾಲ ಪೂರ್ತಿ ಮಲಗುತ್ತವೆ. ನಿಮ್ಮವನು ಆಫ್ರಿಕಾದವನು. ಸೆನೆಗಲ್‌ನಿಂದ ಸುಡಾನ್, ಇಥಿಯೋಪಿಯಾವರೆಗೆ ಸಹಾರಾದ ದಕ್ಷಿಣದ ಅಂಚಿನಲ್ಲಿ ಬದುಕುವ ಪ್ರಾಣಿ. ಅಲ್ಲಿ ಹಿಮ ಎಲ್ಲಿಂದ ಬರಬೇಕು? ರಾತ್ರಿ ತಣ್ಣಗಾದರೆ, ಹಗಲು ತೀರಾ ಸುಟ್ಟರೆ, ನೆಲದಲ್ಲಿ ಕೆಲವು ಮೀಟರ್ ಆಳ ಬಿಲ ತೋಡಿ ಒಳಗೆ ಸೇರುತ್ತೆ. ಒಳಗೆ ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಹದ. ನಿಮ್ಮ ಗ್ಯಾರೇಜಿನಲ್ಲಿ ಅವನು ಮಲಗಿರಲಿಲ್ಲ ಸಾರ್, ಮರಗಟ್ಟಿದ್ದ.

ಆ ಗುಳ್ಳೆಗೆ ಇವತ್ತೇ ಡಾಕ್ಟರ್ ಹತ್ತಿರ ಹೋಗಿ. ನಾಯಿ ಬೆಕ್ಕಿನ ಡಾಕ್ಟರ್ ಅಲ್ಲ, ಹಾವು ಆಮೆ ನೋಡುವವರೇ ಬೇಕು, ಫೋನ್ ಮಾಡಿ ಕೇಳಿಕೊಂಡು ಹೋಗಿ.

ಇನ್ನು ಮನೆ ವಿಷಯ. ನಾನು ಕಾನ್ಸಾಸ್‌ನಲ್ಲಿದ್ದೇನೆ, ನನ್ನ ಹೆಣ್ಣಾಮೆ 14 ವರ್ಷದಿಂದ ನಮ್ಮ ಜೊತೆಗಿದೆ. ಮೊದಲ ಎರಡು ಚಳಿಗಾಲ ನಾನೂ ಗ್ಯಾರೇಜ್ ಬಿಸಿ ಮಾಡಲು ಹೋಗಿ ದುಡ್ಡು ಸುಟ್ಟೆ. ಗ್ಯಾರೇಜ್ ಬಿಸಿ ಮಾಡಬೇಡಿ. ಗ್ಯಾರೇಜಿನೊಳಗೆ ಒಂದು ಪೆಟ್ಟಿಗೆ ಮಾಡಿ, ಪೆಟ್ಟಿಗೆಯನ್ನು ಮಾತ್ರ ಬಿಸಿ ಮಾಡಿ. ನಮ್ಮದು ಆರಡಿ ಉದ್ದ, ನಾಲ್ಕಡಿ ಅಗಲ, ಎರಡೂವರೆ ಅಡಿ ಎತ್ತರ. ಹೊರಗೊಂದು ಪ್ಲೈವುಡ್, ಒಳಗೊಂದು ಪ್ಲೈವುಡ್, ನಡುವೆ ಎರಡಿಂಚು ದಪ್ಪದ ಫೋಮ್ ಹಲಗೆ. ಆರು ಮೈಗೂ ಹೀಗೇ. ನೆಲ ಮರೆಯಬೇಡಿ, ಕಾಂಕ್ರೀಟ್ ಎಲ್ಲ ಬಿಸಿಯನ್ನೂ ಕುಡಿದುಬಿಡುತ್ತೆ. ಫೋಮ್ ಎಲ್ಲೂ ಅವನ ಬಾಯಿಗೆ ಸಿಗಬಾರದು, ಸಿಕ್ಕರೆ ತಿಂತಾನೆ. ಮುಚ್ಚಳಕ್ಕೆ ತಿರುಗಣಿ ಹಾಕಿಸಿ, ಇಲ್ಲದಿದ್ದರೆ ಗಲೀಜು ತೆಗೆಯಲು ನೀವೇ ಆಮೆ ಥರ ಒಳಗೆ ತೆವಳಬೇಕಾಗುತ್ತೆ. ಬಾಗಿಲಿಗೆ ಕೋಲ್ಡ್ ಸ್ಟೋರೇಜ್ ಬಾಗಿಲಲ್ಲಿ ಇಳಿಬಿಟ್ಟಿರುತ್ತಾರಲ್ಲ, ಆ ದಪ್ಪ ಪ್ಲಾಸ್ಟಿಕ್ ಪಟ್ಟಿ. ಮೊದಲೆರಡು ದಿನ ಹೆದರುತ್ತಾನೆ. ಆಮೇಲೆ ತಲೆಯಿಂದ ತಳ್ಳಿಕೊಂಡು ಓಡಾಡುತ್ತಾನೆ.

ಒಳಗೆ ಎಣ್ಣೆ ತುಂಬಿದ ಸಣ್ಣ ರೇಡಿಯೇಟರ್, 700 ವ್ಯಾಟ್‌ದು, ಅದರ ಮುಂದೆ ಗಟ್ಟಿ ಅಡ್ಡಗಟ್ಟೆ. ಅದನ್ನು ಥರ್ಮೋಸ್ಟಾಟ್‌ಗೆ ಕೊಟ್ಟು 27 ಡಿಗ್ರಿಗೆ ಇಡಿ. ಸೆನ್ಸರ್ ಆಮೆಯ ಬೆನ್ನಿನ ಎತ್ತರಕ್ಕಿರಲಿ, ಮೇಲೆ ಸೂರಿಗೆ ಅಂಟಿಸಿದರೆ ಸುಳ್ಳು ಲೆಕ್ಕ ಕೊಡುತ್ತೆ. ಪೆಟ್ಟಿಗೆ ಸರಿಯಾಗಿ ಮಾಡಿದ್ದರೆ ಹೀಟರ್ ದಿನದಲ್ಲಿ ಮೂರನೇ ಒಂದು ಭಾಗ ಓಡಿದರೆ ಹೆಚ್ಚು. ಅಂದರೆ ಐದಾರು ಯೂನಿಟ್. ಅಷ್ಟಕ್ಕೆ ಚಳಿಜ್ವರ ಬೇಡ ಬಿಡಿ.

ಆ ಕೆಂಪು ಬಲ್ಬ್ ಮೊದಲು ತೆಗೆಯಿರಿ. ಮರಿಗಾದರೆ ಹೇಗೋ ನಡೆಯುತ್ತೆ. ದೊಡ್ಡ ಆಮೆಯ ಬೆನ್ನು ಬಲ್ಬಿಗೆ ತೀರಾ ಹತ್ತಿರ, ಮೇಲೆ ಚಿಪ್ಪು ಸುಡುತ್ತೆ, ಕೆಳಗೆ ಹೊಟ್ಟೆ, ಕಾಲು ತಣ್ಣಗೇ ಇರುತ್ತೆ. ನನ್ನವಳ ಬೆನ್ನ ಮೇಲೆ ಅಂಗೈಯಷ್ಟು ಬಿಳಿ ಕಲೆ ಇನ್ನೂ ಇದೆ, ಅದು ನನ್ನ ಬುದ್ಧಿವಂತಿಕೆಯ ಗುರುತು. ಸಾಲದ್ದಕ್ಕೆ ಒಣಹುಲ್ಲಿನ ಹತ್ತಿರ ಬಿಸಿ ಬಲ್ಬ್ ಬೇರೆ. ಬೆಂಕಿ ಬಿದ್ದಿದ್ದರೆ?

ಹಸು_ಡಾಕ್ಟರ್:

ನಾನು ವೆಟ್, ಆದರೆ ಹಾಸನದಲ್ಲಿ ಹಸು ಎಮ್ಮೆ ನೋಡುವವನು. ಹಾಗಾಗಿ ಔಷಧಿ ಹೇಳಲ್ಲ. ಒಂದು ಮಾತ್ರ ಹೇಳ್ತೀನಿ. ಆಮೆಗೆ ನಮ್ಮ ಹಾಗೆ ವಪೆ (ಎದೆ ಹೊಟ್ಟೆ ನಡುವಿನ, ಉಸಿರಾಟಕ್ಕೆ ಬೇಕಾದ ಸ್ನಾಯು) ಇಲ್ಲ, ಕೆಮ್ಮಿ ಕಫ ಹೊರಗೆ ಹಾಕಲು ಅದಕ್ಕೆ ಆಗಲ್ಲ. ನಮಗೆ ನೆಗಡಿ ಅನ್ನಿಸುವುದು ಅದಕ್ಕೆ ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಕತ್ತು ಚಾಚಿ ಬಾಯಿ ತೆರೆದು ಉಸಿರಾಡಿದರೆ ಒಂದು ಗಂಟೆಯೂ ಕಾಯಬೇಡಿ.

ಇನ್ನೊಂದು, ಮೈ ಬಿಸಿಯಾಗುವ ತನಕ ಮೇವು ಬೇಡ. ಹೊಟ್ಟೆಯಲ್ಲಿ ಹುಲ್ಲು ಅರಗಿಸುವ ಸೂಕ್ಷ್ಮಾಣುಗಳಿಗೆ ಶಾಖ ಬೇಕು, ತಣ್ಣಗಿದ್ದರೆ ಅಲ್ಲೇ ಕೊಳೆಯುತ್ತೆ. ಮೊದಲು ಮನೆಯೊಳಗಿನ ಶಾಖಕ್ಕೆ ಬರಲಿ, ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ. ನೀರು ಗದ್ದ ದಾಟಬಾರದು.

ಆಸ್ಟಿನ್_ಅಜ್ಜಂಪುರ:

ಕಾಡುಮಲ್ಲಿಗೆ ಅವರು ಎಲ್ಲ ಹೇಳಿದ್ದಾರೆ, ಕರೆಂಟ್ ಹೋದರೆ ಏನು ಅನ್ನೋದು ಬಿಟ್ಟು.

2021ರ ಫೆಬ್ರವರಿ ಟೆಕ್ಸಾಸ್‌ನಲ್ಲಿ ಇದ್ದವರಿಗೆ ಗೊತ್ತು. ನಮ್ಮ ಮನೆಯಲ್ಲಿ ಮೂರು ದಿನ ಕರೆಂಟ್ ಇಲ್ಲ, ನಲ್ಲಿಯಲ್ಲಿ ನೀರೂ ಇಲ್ಲ, ಹೊರಗೆ ಮೈನಸ್ 13. ಆ ವಾರ ದಕ್ಷಿಣದ ಸೌತ್ ಪಾಡ್ರೆ ದ್ವೀಪದಲ್ಲಿ ಚಳಿಗೆ ಸೆಟೆದ ಕಡಲಾಮೆಗಳನ್ನು ಜನ ಸಾವಿರಗಟ್ಟಲೆ ಕಾರು, ಟ್ರಕ್ಕುಗಳಲ್ಲಿ ತುಂಬಿಕೊಂಡು ಹೋಗಿ ದೊಡ್ಡ ಹಾಲ್‌ನಲ್ಲಿ ಸಾಲಾಗಿ ಮಲಗಿಸಿದ್ದರು, ಫೋಟೋ ನೋಡಿರಬಹುದು. ನನ್ನ ಹತ್ತಿರ ಇದ್ದದ್ದು ಒಂದೇ ಸುಲ್ಕಾಟಾ, 40 ಕಿಲೋದ್ದು.

ಮೊದಲ ರಾತ್ರಿ ಅದಕ್ಕೆ ಎರಡು ರಗ್ಗು ಹೊದಿಸಿದೆ. ನನ್ನ ಹೆಂಡತಿ ನೋಡಿ ಕೇಳಿದಳು, "ರಗ್ಗು ಬಿಸಿ ಮಾಡುತ್ತಾ, ಇಲ್ಲ ಒಳಗಿನ ಬಿಸಿ ಹಿಡಿದಿಡುತ್ತಾ? ಇದರ ಮೈಯಲ್ಲಿ ಹಿಡಿದಿಡಲು ಏನಿದೆ?" ಸರಿ ಅಲ್ವಾ. ಆಮೆ ತಾನಾಗಿ ಬಿಸಿ ಹುಟ್ಟಿಸಲ್ಲ. ಪುಣ್ಯಕ್ಕೆ ನಮ್ಮದು ಗ್ಯಾಸ್ ಒಲೆ, ಕಡ್ಡಿ ಗೀರಿ ಹಚ್ಚಬಹುದಿತ್ತು. ಹಿಮ ಕರಗಿಸಿ, ಕಾಯಿಸಿ, ಹಾಲಿನ ಕ್ಯಾನುಗಳಿಗೆ ತುಂಬಿ, ಟವೆಲ್ ಸುತ್ತಿ ಪೆಟ್ಟಿಗೆಯ ನಾಲ್ಕೂ ಮೂಲೆಗೆ ಇಟ್ಟೆವು. ಮೂರು ಗಂಟೆಗೊಮ್ಮೆ ಬದಲು. ಮೂರು ರಾತ್ರಿ ಬಾಣಂತನ ಮಾಡಿದ ಹಾಗೆ. ಪೆಟ್ಟಿಗೆಯೊಳಗೆ 17ಕ್ಕಿಂತ ಕೆಳಗೆ ಇಳಿಯಲಿಲ್ಲ, ಹೊರಗೆ ಗ್ಯಾರೇಜಿನಲ್ಲಿ ಬಕೆಟ್ ನೀರು ಹೆಪ್ಪುಗಟ್ಟಿತ್ತು. ಫೋಮ್ ಪೆಟ್ಟಿಗೆ ಇಲ್ಲದಿದ್ದರೆ ಎಷ್ಟು ಬಿಸಿನೀರು ಇಟ್ಟರೂ ಪ್ರಯೋಜನ ಆಗ್ತಿರಲಿಲ್ಲ.

ಹಾಗಾಗಿ ಎರಡು ಕೆಲಸ ಮಾಡಿ. ಶಾಖ ಇಳಿದರೆ ಫೋನಿಗೆ ಕೂಗು ಹಾಕುವ ಥರ್ಮಾಮೀಟರ್ ಒಂದು ತನ್ನಿ. ನೀರು ತುಂಬುವ ಕ್ಯಾನು ಎಸೆಯಬೇಡಿ. ಇದ್ದಿಲು, ಪ್ರೊಪೇನ್ ಒಲೆ ಗ್ಯಾರೇಜಿನೊಳಗೆ ಹಚ್ಚುವ ಯೋಚನೆ ಮಾತ್ರ ಬೇಡ, ಆ ಹೊಗೆಗೆ ಆಮೆಗಿಂತ ಮೊದಲು ನೀವು ಹೋಗ್ತೀರ.

ಕೆಆರ್‌ಪುರಂ_ಕಿಟ್ಟಿ:

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಬೆಂಗಳೂರಿನಲ್ಲಿ ಇಷ್ಟೆಲ್ಲ ಚಳಿ ಇಲ್ಲವಲ್ಲ, ಇಲ್ಲಿ ಆಮೆ ಸಾಕೋದು ಸುಲಭ ಅಲ್ವಾ? ಕೋಲಾರದ ಕಡೆ ಒಬ್ಬರು ನಕ್ಷತ್ರ ಆಮೆ ಕೊಡ್ತೀನಿ ಅಂತಿದ್ದಾರೆ, ಮನೆಗೆ ಅದೃಷ್ಟ ಅಂತೆ.

ಹಸು_ಡಾಕ್ಟರ್:

ಕಿಟ್ಟಿ, ಬೇಡ. ನಕ್ಷತ್ರ ಆಮೆ ನಮ್ಮ ಕಾಡಿನ ಪ್ರಾಣಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಡುವುದು ಎಲ್ಲ ಅಪರಾಧ. ಅದೃಷ್ಟ ಹುಡುಕಿಕೊಂಡು ಹೋದವರನ್ನು ಅರಣ್ಯ ಇಲಾಖೆ ಹುಡುಕಿಕೊಂಡು ಬರುತ್ತೆ. ಸುಲ್ಕಾಟಾ ಥರದ ಹೊರದೇಶದ್ದಕ್ಕೂ 2024ರಿಂದ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಅಂಗಡಿಯಲ್ಲಿ ಅಂಗೈಯಗಲ ಇರುತ್ತೆ, ಮುದ್ದಾಗಿರುತ್ತೆ. ಭೂಮಿಯ ಮೇಲಿನ ಆಮೆಗಳಲ್ಲಿ ಗಾತ್ರದಲ್ಲಿ ಗಾಲಪಗೋಸ್, ಅಲ್ಡಾಬ್ರಾ ದ್ವೀಪಗಳ ದೈತ್ಯ ಆಮೆಗಳನ್ನು ಬಿಟ್ಟರೆ ಸುಲ್ಕಾಟಾನೇ ದೊಡ್ಡದು. ಅಪಾರ್ಟ್‌ಮೆಂಟ್ ಬಾಲ್ಕನಿಗೆ ಇದನ್ನು ತರುವವರಿಗೆ ಏನು ಹೇಳೋದು? ಬೆಂಗಳೂರಿನಲ್ಲಿ ಹಿಮ ಇಲ್ಲ, ನಿಜ, ಆದರೆ ಜುಲೈನ ಜಿಟಿಜಿಟಿ ಮಳೆ, ಒದ್ದೆ ನೆಲ, 19 ಡಿಗ್ರಿ ಇದೆಯಲ್ಲ. ಒದ್ದೆ ಮತ್ತು ತಂಪು ಸೇರಿದರೆ ಒಣ ಚಳಿಗಿಂತ ಕೆಟ್ಟದ್ದು.

ಕೆಆರ್‌ಪುರಂ_ಕಿಟ್ಟಿ:

ಸರಿ ಸಾರ್. ಮೀನು ಸಾಕ್ತೀನಿ.

ಮಂಡ್ಯದೋನು_ಡೆನ್ವರ್:

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಸುದ್ದಿ ಇಲ್ಲ ಅಂದುಕೊಂಡಿರಬಹುದು, ಬಡಗಿ ಕೆಲಸ ಮಾಡ್ತಿದ್ದೆ.

ಡಾಕ್ಟರ್ ಎಕ್ಸ್‌ರೇ ತೆಗೆದರು. ಶ್ವಾಸಕೋಶದಲ್ಲಿ ಒಂದು ಕಡೆ ಸ್ವಲ್ಪ ಮಂಜು, ಬೇಗ ತಂದಿರಿ ಅಂದರು. ಮೂರು ದಿನಕ್ಕೊಂದರಂತೆ ಇಂಜೆಕ್ಷನ್, ಮುಂಗಾಲಿಗೇ ಕೊಡಬೇಕಂತೆ. ನಾನು ಕಾಲು ಹಿಡಿದು ಎಳೆಯೋದು, ಅವನು ಒಳಗೆಳೆದುಕೊಳ್ಳೋದು. ಕೊನೆಗೆ ಅಮ್ಮ ದಾಸವಾಳದ ಎಲೆ ಮುಂದೆ ಹಿಡಿದರು (ಕುಂಡದಲ್ಲಿ ಪೂಜೆಗೆ ಅಂತ ಬೆಳೆಸಿದ್ದು), ಕತ್ತು, ಕಾಲು ಎರಡೂ ಹೊರಗೆ ಬಂತು. ಆಮೇಲೆ ಪ್ರತಿ ಇಂಜೆಕ್ಷನ್‌ಗೂ ಅಮ್ಮನೇ ನರ್ಸ್. ಅಡುಗೆಮನೆ ಕಾನೂನೂ ಸಡಿಲ ಆಗಿದೆ, ಮೊನ್ನೆ ಸಿಂಕಿನ ಕೆಳಗಿನ ಬಾಗಿಲು ತಳ್ಳುತ್ತಿದ್ದ, ಅಮ್ಮ ಸುಮ್ನೆ ಕೊತ್ತಂಬರಿ ಸೋಸುತ್ತಾ ಕೂತಿದ್ದರು.

ಪೆಟ್ಟಿಗೆ ಆಯಿತು. ಅಳತೆ ಕಾಡುಮಲ್ಲಿಗೆ ಅವರದ್ದೇ. ನಿನ್ನೆ ಬೆಳಿಗ್ಗೆ ಹೊರಗೆ ಮೈನಸ್ 16, ಗ್ಯಾರೇಜ್ 2, ಒಳಗೆ 26.5. ಫೋನಿನಲ್ಲಿ ಆ ಅಂಕಿ ನೋಡಿ ಆಫೀಸಿಗೆ ಲೇಟ್ ಆದರೂ ಪರವಾಗಿಲ್ಲ ಅನ್ನಿಸಿತು. ಡಾಕ್ಟರ್ ಹೇಳಿದಂತೆ ಗ್ಯಾರೇಜಿನಲ್ಲಿ ಯುವಿಬಿ (ಬಿಸಿಲಿನಲ್ಲಿರುವ ಅತಿನೇರಳೆ ಕಿರಣ) ಟ್ಯೂಬ್‌ಲೈಟೂ ಹಾಕಿದ್ದೇನೆ, ಕಿಟಕಿ ಗಾಜಿನಿಂದ ಬರುವ ಬಿಸಿಲು ಲೆಕ್ಕಕ್ಕಿಲ್ಲವಂತೆ, ಚಿಪ್ಪಿಗೆ ಬೇಕಾದದ್ದನ್ನು ಗಾಜು ತಡೆದುಬಿಡುತ್ತೆ.

ಎರಡು ಸಂದೇಹ ಉಳಿದಿದೆ. ಇಲ್ಲಿ ಜನವರಿಯಲ್ಲೂ ಕೆಲವು ದಿನ ಬಿಸಿಲು ಚೆನ್ನಾಗಿರುತ್ತೆ, ಹೊರಗೆ ಬಿಡಬಹುದಾ? ಆಮೇಲೆ, ಪ್ಲಾಸ್ಟಿಕ್ ಪಟ್ಟಿಯನ್ನು ಅವನು ಕಚ್ಚಿ ನೋಡುತ್ತಿದ್ದಾನೆ. ತಿಂದುಬಿಡ್ತಾನಾ?

ಕಾಡುಮಲ್ಲಿಗೆ:

ಅಬ್ಬಾ, ಒಳ್ಳೆ ಸುದ್ದಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಇಂಜೆಕ್ಷನ್ ಕೋರ್ಸ್ ಮುಗಿದು ಡಾಕ್ಟರ್ ಸರಿ ಅನ್ನೋವರೆಗೆ ಹೊರಗೆ ಬೇಡ. ಆಮೇಲೆ ಬಿಸಿಲಿದ್ದು, ಗಾಳಿ ಇಲ್ಲದೆ, 16 ಡಿಗ್ರಿ ದಾಟಿದ್ದರೆ ಒಂದೆರಡು ಗಂಟೆ ಬಿಡಿ. ಪೆಟ್ಟಿಗೆಯಲ್ಲಿ ಮೈ ಕಾಯಿಸಿಕೊಂಡ ಮೇಲೆ ಬಿಡಿ, ಬೆಳಿಗ್ಗೆ ಎದ್ದ ತಕ್ಷಣ ಅಲ್ಲ. ಡೆನ್ವರ್ ಬಿಸಿಲಲ್ಲಿ ಚಿಪ್ಪು ಬಿಸಿ ಅನ್ನಿಸುತ್ತೆ, ಮೋಸ ಹೋಗಬೇಡಿ, ಹಿಂಗಾಲಿನ ಸಂದಿಯಲ್ಲಿ ಕೈ ಇಟ್ಟು ನೋಡಿ. ಅಲ್ಲಿ ತಣ್ಣಗಾಗುತ್ತಿದ್ದರೆ ಒಳಗೆ. ಮಧ್ಯಾಹ್ನ ಮೂರರ ನಂತರ ಅವನಿಗೆ ಮನೆ ದಾರಿ ಮರೆಯುತ್ತೆ, ಬೇಲಿ ಮೂಲೆಯಲ್ಲಿ ಮುದುಡಿ ಕೂರುತ್ತಾನೆ. ನೀವು ಆಫೀಸಿನಲ್ಲಿದ್ದರೆ 31 ಕಿಲೋ ಎತ್ತುವವರು ಯಾರು? ಅಮ್ಮನ ಕೈಲಿ ಆಗಲ್ಲ. ಒಂದು ಹಳೆ ಕೈಗಾಡಿ ತಂದಿಡಿ.

ಪಟ್ಟಿ ತಿನ್ನಲ್ಲ. ಎಳೆಯುತ್ತಾನೆ. ಮೇಲೆ ಸ್ಕ್ರೂ ಹಾಕಿದ್ದರೆ ತೆಗೆದು ಬೋಲ್ಟ್ ಹಾಕಿ.

ಮಂಡ್ಯದೋನು_ಡೆನ್ವರ್:

ಸ್ಕ್ರೂ ಹಾಕಿದ್ದೆ. ಇವತ್ತು ಬೆಳಿಗ್ಗೆ ಎರಡು ಪಟ್ಟಿ ನೆಲದಲ್ಲಿದ್ದವು. ಬೋಲ್ಟ್ ತರಲು ಹೊರಟಿದ್ದೇನೆ.